ದೇವಬಾಗದ ಬಿಡಾರ

ದ್ವೀಪವೆಂಬ ಶಬ್ದವನ್ನು ನಾವು ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಮಕ್ಕಳಿಗೆ ಬಿಡಿಸಿ ಹೇಳಿದ್ದೇವೆ. ಎರಡು ಕಡೆ ನೀರುಳ್ಳದ್ದು ಯಾವುದೋ ಅದು ದ್ವೀಪ. 'ದ್ವಿ' ಎಂಬುದರ ಮುಂದೆ ನೀರೆಂಬ ಅರ್ಥದ 'ಅಪ್' ಶಬ್ದವು ಬಂದರೆ ಅದರ ಅಕಾರವು ಈಕಾರವಾಗುವುದೆಂದು ಪಾಣಿನಿಯ ವಿಧಿಯುಂಟು. ಭೂಗೋಳದ ಪಾಠಪುಸ್ತಕವಾದರೋ ನಾಲ್ಕು ಕಡೆಯೂ ನೀರಿರಬೇಕೆಂದು ಹೇಳುವುದು. ಚುರುಕಾದ ಹುಡುಗರು ಪ್ರತಿವರ್ಷವೂ ಈ ವಿರೋಧವನ್ನು ಹಿಡಿದುಕೊಂಡು ಬಂದು ನಮ್ಮನ್ನು ಪ್ರಶ್ನಿಸುತ್ತಿದ್ದರು. ಶಬ್ದಕ್ಕೆ ವ್ಯುತ್ಪತ್ತಿ ಬೇರೆ, ರೂಢಿ ಬೇರೆ ಎಂದು ಹೇಳಿ ನಾವು ಪಾಠವನ್ನು ಮುಂದುವರಿಸುತ್ತಿದ್ದೆವು. ವ್ಯುತ್ಪತ್ತಿಯಲ್ಲಿ ಹೇಳಿದಂತೆಯೇ ಸರಿಯಾಗಿ ಎರಡು ಕಡೆ ಮಾತ್ರ ನೀರುಳ್ಳ ನೆಲವೊಂದನ್ನು ಕಣ್ಣಾರೆ ಕಂಡದ್ದು ಕಳೆದ ಮಾಘಮಾಸದಲ್ಲಿ, ಕಾರವಾರದ ಬಳಿಯ ದೇವಬಾಗದಲ್ಲಿ. ಒಂದು ಪಕ್ಕಕ್ಕೆ ಕಾಳೀನದಿ, ಇನ್ನೊಂದು ಪಕ್ಕಕ್ಕೆ ಪಶ್ಚಿಮಸಮುದ್ರ, ನಡುವೆ ಗಾಳಿಮರಗಳ ತೋಪನ್ನು ಹೊತ್ತು ಚಾಚಿಕೊಂಡಿರುವ ಮರಳಿನ ನಾಲಗೆ. ಅಲ್ಲಿ ನಾವೂ ನಮ್ಮ ಮನೆಯಾಕೆಯೂ ಕಿರಿಯ ಮಗಳೂ ಬಟ್ಟೆಯ ಡೇರೆಯಲ್ಲಿ ಎರಡು ರಾತ್ರಿ ಬಿಡಾರ ಮಾಡಿದೆವು.

ವಿಹಾರಾರ್ಥವಾಗಿ ಹೋದೆವೆಂದು ವಾಚಕರು ಭಾವಿಸಬಾರದು. ನಮ್ಮ ಮಗಳು ಆಗ ಬಿ.ಎಸ್‌ಸಿ. ತರಗತಿಯ ಕೊನೆಯ ವರ್ಷದಲ್ಲಿದ್ದಳು. ಮುಂದೆ ಕಡಲಿನ ಜೀವಶಾಸ್ತ್ರವನ್ನೇ ಓದಬೇಕೆಂದು ಅವಳ ಹಟ. ಆ ಶಾಸ್ತ್ರವನ್ನು ಕಲಿಸುವ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗವು ಧಾರವಾಡದಲ್ಲಿಲ್ಲ, ಕಾರವಾರದ ಕೋಡಿಬಾಗದಲ್ಲಿದೆ. ಮಾಗಡಿ ರಸ್ತೆಯ ಮಗ್ಗುಲಿನ ನಮ್ಮ ಬ್ಯಾಡರಹಳ್ಳಿಯಿಂದ ಅಲ್ಲಿಗೆ 500 ಕಿಲೋಮೀಟರಿನಷ್ಟು ದೂರ. ನಮ್ಮ ಹಿರಿಯ ಮಗನು ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವವನು. ಅವನ ಆಕ್ಷೇಪಣೆ ಒಂದೇ: "ಮೀನು, ಏಡಿಗಳನ್ನು ಎಣಿಸುವ ವಿದ್ಯೆಗೆ ಸಂಬಳ ಯಾರು ಕೊಡುತ್ತಾರೆ, ಅಪ್ಪಾ?" ನಮ್ಮ ಮನೆಯಾಕೆಯ ಆಕ್ಷೇಪಣೆ ಸಂಬಳದ್ದಲ್ಲ, ಪ್ರಾಣದ್ದು. 2019ರ ಜನವರಿ 21ರಂದು, ಪುಷ್ಯದ ಹುಣ್ಣಿಮೆಯ ದಿನ, ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹಸ್ವಾಮಿಯ ಜಾತ್ರೆಯನ್ನು ಮುಗಿಸಿಕೊಂಡು ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಆ ದಿನ ದೂರದರ್ಶನದಲ್ಲಿ ಕಂಡ ದೃಶ್ಯವು ಈಕೆಯ ಮನಸ್ಸಿನಿಂದ ಅಳಿದಿರಲಿಲ್ಲ. ನರಸಿಂಹನು ಈಕೆಯ ತವರಿನ ಮನೆದೇವರಾದುದರಿಂದ ಆ ದುಃಖವು ಮತ್ತಷ್ಟು ಒಳಕ್ಕೆ ಇಳಿದಿತ್ತು. "ಓದುವುದಕ್ಕೆ ಊರಿಗೆ ಬರವೇ? ಆ ಕಡಲೇ ಆಗಬೇಕೆ?" ಎಂದು ದಿನಕ್ಕೊಂದು ಸಲವಾದರೂ ಕೇಳುವಳು.

ನಾವು ಯಾವ ಕಡೆಗೂ ಮಾತನಾಡಿರಲಿಲ್ಲ. ತಾಯಿ ಮಗಳ ವ್ಯಾಜ್ಯದಲ್ಲಿ ತೀರ್ಪು ಹೇಳಲು ಆತುರಪಡುವ ಗೃಹಸ್ಥನು ಮಧ್ಯಾಹ್ನದ ಊಟವನ್ನು ಪಂತಕ್ಕೆ ಒಡ್ಡಿದಂತೆಯೇ ಸರಿ. ಕೊನೆಗೆ ಮಗಳೇ ಒಂದು ಒಪ್ಪಂದವನ್ನು ತಂದಳು. ನಾವಿಬ್ಬರೂ ಅವಳೊಡನೆ ಹೋಗಿ ಆ ಕಡಲಿನ ಪಕ್ಕದಲ್ಲಿ ಎರಡು ರಾತ್ರಿ ಇರತಕ್ಕದ್ದು. ಹೋಟೆಲಿನ ಕಿಟಕಿಯಿಂದ ನೋಡುವುದಲ್ಲ, ಮರಳಿನ ಮೇಲೆ ಮಲಗಿ ನೋಡತಕ್ಕದ್ದು. ಅದಾದ ಮೇಲೂ ತಾಯಿಯು ಬೇಡವೆಂದರೆ ಅವಳು ಮತ್ತೆ ಆ ಮಾತನ್ನು ಎತ್ತುವುದಿಲ್ಲ. ಎರಡು ರಾತ್ರಿ ಸೊಳ್ಳೆ ಕಚ್ಚಿಸಿಕೊಂಡರೆ ಹುಡುಗಿಯ ಹಟವು ತಾನಾಗಿಯೇ ಇಳಿಯುವುದೆಂಬ ಎಣಿಕೆಯಿಂದ ಈಕೆ ಒಪ್ಪಿಕೊಂಡಳು. ಹಾಗೆಂದು ನಮ್ಮೊಡನೆ ಗುಟ್ಟಾಗಿ ಹೇಳಿದ್ದೂ ಉಂಟು.

ಮಗಳ ಮೊದಲ ಆಸೆ ಅಂಡಮಾನಿನದಾಗಿತ್ತು. ದಕ್ಷಿಣ ಅಂಡಮಾನಿನ ವಂಡೂರಿನಲ್ಲಿ 1983ರಲ್ಲಿ ಸ್ಥಾಪಿತವಾದ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ ಹದಿನೈದು ದ್ವೀಪಗಳೂ ಅವುಗಳ ನಡುವಣ ಹವಳದ ಕಡಲೂ ಸೇರಿ ಸುಮಾರು 281 ಚದರ ಕಿಲೋಮೀಟರುಗಳಷ್ಟು ರಕ್ಷಿತವಾಗಿವೆ. ಅಲ್ಲಿ ಹಗಲು ಹೋಗಿ ನೋಡಿ ಬರಬಹುದೇ ಹೊರತು ಯಾತ್ರಿಕರು ಆ ದ್ವೀಪಗಳಲ್ಲಿ ರಾತ್ರಿ ತಂಗುವಂತಿಲ್ಲ. ಕಚ್ಛದ ಖಾರಿಯಲ್ಲಿ 1982ರಲ್ಲೂ, ತಮಿಳುನಾಡಿನ ಮನ್ನಾರ್ ಖಾರಿಯಲ್ಲಿ 21 ದ್ವೀಪಗಳನ್ನು ಕೂಡಿಸಿ 1986ರಲ್ಲೂ ಇಂಥವೇ ಉದ್ಯಾನಗಳಾದವು. ಅಮೆರಿಕದ ಕ್ಯಾಲಿಫೋರ್ನಿಯಾ ತೀರದ ಚಾನಲ್ ಐಲೆಂಡ್ಸ್ ಎಂಬ ರಾಷ್ಟ್ರೀಯ ಉದ್ಯಾನದಲ್ಲಿ ಮಾತ್ರ ಐದು ದ್ವೀಪಗಳಲ್ಲಿಯೂ ಡೇರೆ ಹೊಡೆಯಲು ಗೊತ್ತಾದ ಸ್ಥಳಗಳಿವೆಯಂತೆ. ಮುಂಚಿತವಾಗಿ ಅಪ್ಪಣೆ ಪಡೆದು, ಆಹಾರವನ್ನು ತಾವೇ ಹೊತ್ತೊಯ್ದು, ಕಸವನ್ನೂ ತಾವೇ ಹೊತ್ತು ತರಬೇಕು. ಹೊತ್ತೊಯ್ಯುವುದು ನಮ್ಮವರಿಗೂ ಬರುವುದು. ಹೊತ್ತು ತರುವುದರಲ್ಲಿಯೇ ನಮಗೆ ಸಂದೇಹ.

ನಮ್ಮ ನಾಡಿನಲ್ಲಿ ರಾಷ್ಟ್ರೀಯ ಉದ್ಯಾನಗಳು ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಣಶಿ ಮತ್ತು ಕುದುರೆಮುಖ. ಐದೂ ಕಾಡಿನವೇ, ಕಡಲಿನದು ಒಂದೂ ಇಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಲ್ಲಿ ಜ್ವಾಲಾಮುಖಿಯ ರಸವು ಆರುವಾಗ ಆರು ಮೂಲೆಯ ಕಂಬಗಳಾಗಿ ಹೆಪ್ಪುಗಟ್ಟಿದ ಕಲ್ಲುಗಳಿವೆ. ಮಡಗಾಸ್ಕರ್ ದ್ವೀಪವು ಭರತಖಂಡದಿಂದ ಬೇರ್ಪಟ್ಟ ಕಾಲದವು, ಸುಮಾರು ಎಂಟೂವರೆ ಒಂಬತ್ತು ಕೋಟಿ ವರ್ಷಗಳಷ್ಟು ಹಳೆಯವು. ಆದರೆ ಅಲ್ಲಿಂದಲೂ ಸಂಜೆಗೆ ಮುಂಚೆ ದೋಣಿ ಹತ್ತಿ ಹಿಂದಿರುಗಬೇಕು. ಕಾರವಾರದ ತೆಂಕಣ ಅಂಜದೀವ ದ್ವೀಪದಲ್ಲಿ 1498ರಲ್ಲಿ ವಾಸ್ಕೋ ಡ ಗಾಮನು ತಂಗಿದ್ದನು. ಈಗ ಅದು ನೌಕಾಪಡೆಯ ವಶದಲ್ಲಿರುವುದರಿಂದ ನಮ್ಮಂಥವರಿಗೆ ಪ್ರವೇಶವಿಲ್ಲ. ಆದುದರಿಂದ ದ್ವೀಪದಲ್ಲಿ ಮಲಗುವ ಆಸೆಯನ್ನು ಬಿಟ್ಟು, ದ್ವೀಪವು ಕಣ್ಣೆದುರಿಗಿರುವ ದಂಡೆಯಲ್ಲಿ ಮಲಗುವುದೆಂದು ತೀರ್ಮಾನವಾಯಿತು. ಅಣಶಿಯ ಅಡವಿಯ ನೀರನ್ನು ಕೂಡಿಸಿಕೊಂಡು ಬರುವ ಕಾಳಿಯು ಸಮುದ್ರಕ್ಕೆ ಸೇರುವ ಸ್ಥಳವೇ ಅದಾದುದರಿಂದ ರಾಷ್ಟ್ರೀಯ ಉದ್ಯಾನದ ತೀರ್ಥವಾದರೂ ನಮಗೆ ದೊರಕಿತೆಂದು ಸಮಾಧಾನ ತಂದುಕೊಂಡೆವು.

ಪ್ರಯಾಣವನ್ನು ಬಹಳ ವರ್ಣಿಸಬೇಕಾದುದಿಲ್ಲ. ಯಶವಂತಪುರದಲ್ಲಿ ಸಂಜೆ ಪಂಚಗಂಗಾ ರೈಲನ್ನು ಹತ್ತಿದೆವು. ಸಕಲೇಶಪುರದ ಘಟ್ಟದ ಐವತ್ತಕ್ಕೆ ಮೇಲ್ಪಟ್ಟ ಸುರಂಗಗಳೆಲ್ಲವೂ ನಾವು ನಿದ್ರೆಯಲ್ಲಿರುವಾಗಲೇ ಕಳೆದುಹೋದವು. ಬೆಳಿಗ್ಗೆ ಕಾರವಾರ. ಊರು ದಾಟಿದರೆ ಕಾಳಿಯ ಸೇತುವೆ. ಇದರ ಮಗ್ಗುಲಿನಲ್ಲಿದ್ದ ಹಳೆಯ ಸೇತುವೆಯು 2024ರ ಆಗಸ್ಟ್ 7ರ ನಡುರಾತ್ರಿಯ ಮೇಲೆ ಕುಸಿದು ಬಿದ್ದಿತು. ಅದರೊಡನೆ ನೀರಿಗೆ ಬಿದ್ದ ಲಾರಿಯ ಚಾಲಕನನ್ನು ಮೀನುಗಾರರೂ ಪೋಲೀಸರೂ ಜೀವಸಹಿತ ಮೇಲೆತ್ತಿದರು. ಬಾಡಿಗೆ ಗಾಡಿಯವನು ಈ ಕಥೆಯನ್ನು ಸೇತುವೆಯ ಮಧ್ಯದಲ್ಲಿಯೇ ಹೇಳಬೇಕೆ? ನಮ್ಮ ಮನೆಯಾಕೆ ಕಣ್ಣು ಮುಚ್ಚಿಕೊಂಡು ಅಷ್ಟಾಕ್ಷರಿಯನ್ನು ಜಪಿಸುತ್ತಾ ಆಚೆಯ ಸದಾಶಿವಗಡವನ್ನು ಸೇರಿದಳು.

ಸೋದೆಯ ಅರಸರು ಕಟ್ಟಿಸಿದ ಆ ಗಡದ ಬುಡದಲ್ಲಿ ನಿಂತಾಗ ರವೀಂದ್ರನಾಥ ಠಾಕೂರರ ನೆನಪಾಗದೆ ಇರಲಿಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಕಾಲದಲ್ಲಿ, ಇಪ್ಪತ್ತರ ಹರೆಯದ ಕವಿಯು ಇಲ್ಲಿ ಕೆಲಕಾಲ ಇದ್ದು 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಬರೆದರು. ಬೆಳದಿಂಗಳಿನಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋಗಿ, ಹಿಂದಿರುಗುವಾಗ ನದೀಮುಖದಲ್ಲಿ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದುದನ್ನು ತಮ್ಮ ಜೀವನಸ್ಮೃತಿಯಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ಕಾರವಾರದ ಕಡಲತೀರಕ್ಕೆ ಈಗ ಅವರದೇ ಹೆಸರು.

ದಂಡೆಯಲ್ಲಿ ಮನಬಂದಲ್ಲಿ ಡೇರೆ ಹೊಡೆಯುವುದು ಯುಕ್ತವಲ್ಲ. ನಮ್ಮ ಬಿಡಾರಕ್ಕೆ ಒಬ್ಬ ಗೃಹಸ್ಥರ ಗಾಳಿಮರದ ತೋಪಿನಲ್ಲಿ ಸ್ಥಳ ಗೊತ್ತಾಗಿತ್ತು. ಅವರು ಮೀನುಗಾರರ ಮನೆತನದವರು. ಮನೆಯ ಮಾತು ಕೊಂಕಣಿ, ಶಾಲೆಯ ಮಾತು ಕನ್ನಡ. ನಾವು ಉಪಾಧ್ಯಾಯರೆಂದು ತಿಳಿದೊಡನೆ "ಬನ್ನಿ ಮಾಸ್ತರೇ" ಎಂದು ಕರೆದು, ತಮ್ಮ ಮೂರನೆಯ ತರಗತಿಯ ಮಾಸ್ತರರ ಬೆತ್ತದ ವಿಚಾರವನ್ನು ಮೊದಲು ಹೇಳಿ, ಆಮೇಲೆ ಡೇರೆಯ ವಿಚಾರಕ್ಕೆ ಬಂದರು.

ಮರಳಿನಲ್ಲಿ ಡೇರೆ ನಿಲ್ಲಿಸುವುದು ಒಂದು ವಿದ್ಯೆ. ನಮ್ಮೂರಿನ ಕೆಮ್ಮಣ್ಣಿನಲ್ಲಿ ಗೂಟವನ್ನು ಕಲ್ಲಿನಿಂದ ನಾಲ್ಕು ಪೆಟ್ಟು ಹೊಡೆದರೆ ಎತ್ತನ್ನೂ ಕಟ್ಟಬಹುದು. ಇಲ್ಲಿಯಾದರೋ ಮೊಳದುದ್ದದ ಗೂಟವೂ ಬೆಣ್ಣೆಗೆ ಚುಚ್ಚಿದ ಕಡ್ಡಿಯಂತೆ ಎಳೆದೊಡನೆ ಕೈಗೆ ಬರುವುದು. ಇದಕ್ಕೆ ಅವರು ಮಾಡುವ ಉಪಾಯ ಇದು: ಹಳೆಯ ಗೋಣಿಚೀಲದಲ್ಲಿ ಮರಳು ತುಂಬಿ, ಬಾಯಿ ಕಟ್ಟಿ, ಹಗ್ಗದ ತುದಿಯನ್ನು ಅದಕ್ಕೆ ಬಿಗಿದು, ಎರಡು ಅಡಿ ಆಳದ ಗುಂಡಿಯಲ್ಲಿ ಹೂಳಿ ಮೇಲೆ ಮರಳು ಮುಚ್ಚಿ ತುಳಿಯುವುದು. ಹಗ್ಗವನ್ನು ಎಳೆದಷ್ಟೂ ಮೇಲಿನ ಮರಳೇ ಚೀಲವನ್ನು ಅದುಮಿ ಹಿಡಿಯುವುದು. ಇನ್ನು ಸ್ಥಳವನ್ನು ಆರಿಸುವುದು. ಕಡಲು ಹಿಂದಿನ ಭರತದಲ್ಲಿ ಎಲ್ಲಿಯವರೆಗೆ ಬಂದಿತ್ತೆಂಬುದಕ್ಕೆ ಕಸಕಡ್ಡಿ, ಚಿಪ್ಪು, ಒಣಗಿದ ಪಾಚಿಗಳ ಗೆರೆಯೊಂದು ದಂಡೆಯುದ್ದಕ್ಕೂ ಇರುವುದು. ಆ ಗೆರೆಯಿಂದ ಸಾಕಷ್ಟು ಮೇಲೆ, ಆದರೆ ತೆಂಗಿನ ಮರದ ಕೆಳಗಲ್ಲದಂತೆ ಇಳಿಯತಕ್ಕದ್ದು. ತೆಂಗಿನಕಾಯಿಯು ಯಾರ ತಲೆಯೆಂದು ನೋಡಿ ಬೀಳುವುದಿಲ್ಲ.

ಭರತ ಇಳಿತಗಳ ವಿಷಯದಲ್ಲಿ ಮಗಳು ಕಾರವಾರ ಬಂದರಿನ ಪಟ್ಟಿಯನ್ನು ತಂದಿದ್ದಳು. ದಿನಕ್ಕೆ ಎರಡು ಸಲ ಏರುವುದು, ಎರಡು ಸಲ ಇಳಿಯುವುದು. ಮರುದಿನ ಎಲ್ಲವೂ ಸುಮಾರು 50 ನಿಮಿಷ ತಡ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯಚಂದ್ರರ ಸೆಳೆತವು ಕೂಡಿಕೊಳ್ಳುವುದರಿಂದ ಏರಿಳಿತ ಹೆಚ್ಚು. ಅಷ್ಟಮಿಯ ಸುಮಾರಿಗೆ ಒಂದರ ಸೆಳೆತವು ಇನ್ನೊಂದಕ್ಕೆ ಅಡ್ಡವಾಗುವುದರಿಂದ ಕಡಿಮೆ. ನಾವು ಹೋದದ್ದು ಮಾಘ ಬಹುಳ ದಶಮಿ. ಪಂಚಾಂಗವನ್ನು ನೋಡಿಯೇ ದಿನವನ್ನು ಆರಿಸಿದ್ದಳೆಂದು ತಿಳಿದಾಗ ನಮ್ಮ ಮನೆಯಾಕೆಗೆ ಆಶ್ಚರ್ಯವಾಯಿತು. ಮದುವೆಯ ಮಾತಿಗಲ್ಲದೆ ಕಡಲಿಗಾಗಿಯೂ ಪಂಚಾಂಗವನ್ನು ತೆರೆಯುವ ಹುಡುಗಿಯನ್ನು ಈಕೆ ಅದುವರೆಗೆ ಕಂಡಿರಲಿಲ್ಲ.

ಆ ತೋಪಿನಲ್ಲಿ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಬೆರಗುಗೊಳಿಸಿದ್ದು ಬಾವಿ. ಸಮುದ್ರಕ್ಕೂ ಅದಕ್ಕೂ ನೂರು ಹೆಜ್ಜೆ; ಆಳ ಇಬ್ಬರು ಆಳುಗಳಷ್ಟೂ ಇಲ್ಲ; ನೀರು ಮಾತ್ರ ಸಿಹಿ. ಮಳೆಗಾಲದಲ್ಲಿ ಮರಳಿಗೆ ಇಳಿದ ನೀರು ಉಪ್ಪುನೀರಿಗಿಂತ ಹಗುರವಾದುದರಿಂದ ಒಳಗೆ ಅದರ ಮೇಲೆ ತೇಲಿಕೊಂಡು ನಿಲ್ಲುವುದಂತೆ. ಕೊಡದಿಂದ ಸೇದಿದರೆ ವರ್ಷವೆಲ್ಲಾ ಬರುವುದು. ಯಂತ್ರವಿಟ್ಟು ಅತಿಯಾಗಿ ಎಳೆದರೆ ಕೆಳಗಿನ ಉಪ್ಪು ಮೇಲೇರಿ ಬಾವಿ ಕೆಡುವುದು. ಕೊಳವೆಬಾವಿಯನ್ನು ಸಾವಿರ ಅಡಿಯವರೆಗೆ ಕೊರೆಸಿ, ಅದೂ ಸಾಲದೆ ಟ್ಯಾಂಕರಿನವನಿಗೆ ಕಾಯುವ ಬೀದಿಯಿಂದ ಬಂದ ನಮ್ಮ ಮನೆಯಾಕೆ ಆ ಬಾವಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಿದ್ದಳು. ಮೂರು ಕೊಡ ನೀರನ್ನು ತಾನೇ ಸೇದಿದಳು. ಮೂರನೆಯದು ಬೇಕಾಗಿರಲಿಲ್ಲ.

ಸಂಜೆಯವರೆಗೆ ಕಡಲಿನಿಂದ ನೆಲಕ್ಕೆ ಬೀಸುತ್ತಿದ್ದ ಗಾಳಿ ಕತ್ತಲಾಗುತ್ತಾ ನಿಂತು, ರಾತ್ರಿ ನೆಲದಿಂದ ಕಡಲಿಗೆ ಬೀಸತೊಡಗಿತು. ನೆಲವು ಬೇಗ ಕಾದು ಬೇಗ ಆರುವುದು, ನೀರು ನಿಧಾನವಾಗಿ ಕಾದು ನಿಧಾನವಾಗಿ ಆರುವುದು. ಕಾದ ಕಡೆಯ ಗಾಳಿ ಮೇಲೇಳಲು ತಣ್ಣನೆಯ ಕಡೆಯ ಗಾಳಿ ಅಲ್ಲಿಗೆ ನುಗ್ಗುವುದು. ಈ ಪಾಠವನ್ನು ನಮ್ಮ ಸಹೋದ್ಯೋಗಿಗಳು ಕರೀ ಹಲಗೆಯ ಮೇಲೆ ಬಾಣದ ಗುರುತು ಹಾಕಿ ಕಲಿಸುವುದನ್ನು ಪಕ್ಕದ ಕೋಣೆಯಿಂದ ಎಷ್ಟೋ ವರ್ಷ ಕೇಳಿದ್ದೆವು. ಬಾಗಿಲನ್ನು ಕಡಲಿನ ಕಡೆಗೆ ಇಟ್ಟು ಡೇರೆ ನಿಲ್ಲಿಸಿದುದರಿಂದ ಹಗಲು ಹೊಟ್ಟೆಯುಬ್ಬಿಸಿಕೊಂಡಿದ್ದ ಬಟ್ಟೆ ರಾತ್ರಿ ಬೆನ್ನುಬ್ಬಿಸಿಕೊಂಡದ್ದನ್ನು ಈಗ ಕಣ್ಣಿನಿಂದ ಕಂಡೆವು.

ಊಟಕ್ಕೆ ಅನ್ನ, ಮನೆಯಿಂದ ತಂದ ಗೊಜ್ಜು, ಯಜಮಾನರ ಮನೆಯ ಸೋಲಕಡಿ. ಕೆಳಗೆ ನೀರಿನಂಚಿಗೆ ಹೋದೆವು. ಚಂದ್ರೋದಯಕ್ಕೆ ಇನ್ನೂ ಬಹಳ ಹೊತ್ತಿತ್ತು. ಮಗಳು ಪಾದದಿಂದ ನೀರನ್ನು ಕಲಕಿದಳು. ಕಲಕಿದಲ್ಲಿ ನೀಲಿಯ ಕಿಡಿಗಳೆದ್ದವು. ಮುರಿಯುವ ಅಲೆಯ ನೆತ್ತಿಯಲ್ಲಿಯೂ ಅದೇ ಬೆಳಕು ಒಂದು ಕ್ಷಣ ಹರಿದು ಆರುತ್ತಿತ್ತು. ನಾಕ್ಟಿಲೂಕಾ ಎಂಬ, ಒಂದೇ ಜೀವಕಣದ ದೇಹವುಳ್ಳ ಅತಿಸೂಕ್ಷ್ಮಪ್ರಾಣಿಗಳ ಬೆಳಕಂತೆ ಅದು. ಪೌರಾಣಿಕರು ಕಡಲೊಳಗೆ ಬಡಬಾಗ್ನಿಯುಂಟೆಂದು ಹೇಳಿರುವುದು ಇದನ್ನು ನೋಡಿಯೇ ಎನ್ನಲು ನಮಗೆ ಧೈರ್ಯವಿಲ್ಲ. ಅದು ನೀರನ್ನು ಕುಡಿಯುವ ಬೆಂಕಿ, ಇದು ಬಿಸಿಯೇ ಇಲ್ಲದ ಬೆಳಕು. "ನೋಡಲು ಚೆಂದ ಅಪ್ಪಾ, ಆದರೆ ಇದು ವಿಪರೀತ ಹೆಚ್ಚಿದರೆ ಮೀನುಗಳಿಗೆ ಒಳ್ಳೆಯದಲ್ಲ. ಯಾಕೆ ಹೆಚ್ಚುತ್ತದೆ ಎಂದು ಯಾರಾದರೂ ನೋಡಬೇಕಲ್ಲವೆ?" ಎಂದು ಮಗಳು ಹೇಳಿದಳು. ಆ ಮಾತು ನಮಗೆ ಹೇಳಿದ್ದಲ್ಲವೆಂದು ನಮಗೂ ತಿಳಿಯಿತು, ಅದು ಯಾರಿಗೋ ಅವರಿಗೂ ತಿಳಿಯಿತು. ಈಕೆ ಸೆರಗನ್ನು ಹೊದ್ದುಕೊಂಡು, "ಸಾಕು, ನೀರಿನಿಂದ ಈಚೆಗೆ ಬಾ" ಎಂದಳು.

ಮರುದಿನ ಏಕಾದಶಿ. ಕೂರ್ಮಗಡವು ಎದುರಿಗೇ ಕಾಣುತ್ತಿತ್ತು, ನೀರಿನ ಮೇಲೆ ಬೆನ್ನೆತ್ತಿದ ಆಮೆಯಂತೆ. ಹೆಸರು ಬಂದದ್ದೂ ಆ ಆಕಾರದಿಂದಲೇ. ಸಂಸ್ಕೃತದ ಕೋಶಗಳಲ್ಲಿ 'ಅಕೂಪಾರ' ಎಂಬ ಒಂದೇ ಶಬ್ದವು ಸಮುದ್ರಕ್ಕೂ ಆಮೆಗೂ ಸಲ್ಲುವುದು. ಮಹಾಭಾರತದ ವನಪರ್ವದಲ್ಲಿ ಅಕೂಪಾರನೆಂಬ ಆಮೆಯ ಕಥೆಯಿದೆ. ಪುಣ್ಯವು ಕ್ಷಯಿಸಿ ಸ್ವರ್ಗದಿಂದ ಬಿದ್ದ ಇಂದ್ರದ್ಯುಮ್ನರಾಜನನ್ನು ಮಾರ್ಕಂಡೇಯನೂ ಗುರುತಿಸಲಾರನು; ಅವನಿಗಿಂತ ಹಿರಿಯದಾದ ಗೂಬೆಗೂ ಕೊಕ್ಕರೆಗೂ ಗೊತ್ತಿಲ್ಲ; ಸರೋವರದೊಳಗಿನ ಆಮೆಯೊಂದಕ್ಕೇ ಅವನ ನೆನಪಿರುವುದು. ಈ ಕಥೆಯನ್ನು ಹೇಳಿದಾಗ ಮಗಳು, ಹೆಣ್ಣು ಕಡಲಾಮೆಯು ಎಷ್ಟೋ ವರ್ಷ ದೂರದ ನೀರಿನಲ್ಲಿ ಬೆಳೆದು, ಮೊಟ್ಟೆಯಿಡುವ ಕಾಲಕ್ಕೆ ತಾನು ಹುಟ್ಟಿದ ತೀರದ ಕಡೆಗೇ ಮರಳುವುದೆಂದೂ, ಭೂಮಿಯ ಕಾಂತಶಕ್ತಿಯು ಅದಕ್ಕೆ ದಾರಿ ತೋರುವುದೆಂದು ಪಂಡಿತರು ಕಂಡುಕೊಂಡಿರುವರೆಂದೂ ಹೇಳಿದಳು. ನೆನಪಿನ ವಿಷಯದಲ್ಲಿ ವ್ಯಾಸರು ಆಮೆಯನ್ನೇ ಆರಿಸಿದ್ದು ನಮಗೆ ಬಹಳ ಸೊಗಸೆನಿಸಿತು.

ದ್ವೀಪಕ್ಕೆ ಹೋಗುವುದೋ ಬೇಡವೋ ಎಂಬುದು ಈಕೆಯ ಇಷ್ಟಕ್ಕೆ ಬಿಟ್ಟ ಸಂಗತಿಯಾಗಿತ್ತು. ನಾವು ಒತ್ತಾಯ ಮಾಡಲಿಲ್ಲ, ಮಗಳಂತೂ ಉಸಿರೆತ್ತಲಿಲ್ಲ. ಸ್ನಾನಮಾಡಿ ಬಂದವಳು ಗಾಳಿಮರಗಳ ಸಂದಿನಿಂದ ದ್ವೀಪವನ್ನು ನೋಡುತ್ತಾ ನಿಂತಿದ್ದು, ಆಮೇಲೆ ತಾನಾಗಿಯೇ, "ಮನೆದೇವರು ಕಣ್ಣೆದುರಿಗಿದ್ದು, ಏಕಾದಶಿಯ ದಿನ ಇಲ್ಲಿಂದಲೇ ಕೈಮುಗಿದು ಹೋದೆನೆಂದರೆ ನಾಳೆ ನನ್ನ ಮನಸ್ಸೇ ನನ್ನನ್ನು ಬಿಡುವುದಿಲ್ಲ. ಆದರೆ ಆ ದಿನ ಆದದ್ದು ಇದೇ ನೀರಿನಲ್ಲಿ" ಎಂದಳು. ತೋಪಿನ ಯಜಮಾನರು ಇದನ್ನು ಕೇಳಿಸಿಕೊಂಡು ನಗಲಿಲ್ಲ. "ಅಮ್ಮಾ, ಆ ದಿನ ಹೆಣಗಳನ್ನು ಎತ್ತಿದವರಲ್ಲಿ ನಮ್ಮವರೂ ಇದ್ದರು. ದೋಣಿಯಲ್ಲಿ ಜನ ಹೆಚ್ಚು. ಹೆಚ್ಚಿನವರ ಮೈಮೇಲೆ ತೇಲುವ ಅಂಗಿಯಿರಲಿಲ್ಲ. ನೀವು ಅಂಗಿ ಹಾಕಿಕೊಳ್ಳದೆ ನಾನು ಮೋಟಾರು ಹಚ್ಚುವುದಿಲ್ಲ. ಹನ್ನೊಂದರೊಳಗೆ ಹಿಂದೆ ಬರುವುದು, ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ನಾನೂ ಹೋಗುವುದಿಲ್ಲ" ಎಂದರು. ಹೆದರಬೇಡಿರೆಂದು ಅವರು ಹೇಳಿದ್ದರೆ ಈಕೆ ದೋಣಿಯನ್ನು ಹತ್ತುತ್ತಿರಲಿಲ್ಲವೆಂದು ನಮ್ಮ ಅಭಿಪ್ರಾಯ.

ಒಂಬತ್ತು ಗಜದ ಸೀರೆಯ ಮೇಲೆ ಕಿತ್ತಳೆಬಣ್ಣದ ತೇಲುವ ಅಂಗಿಯನ್ನು ಬಿಗಿದುಕೊಂಡು, ಮಡಿಲಲ್ಲಿ ಬಾಳೆಯ ಚಿಪ್ಪನ್ನು ಇಟ್ಟುಕೊಂಡು ಕುಳಿತಿದ್ದಳು. ಆ ನರಸಿಂಹನಿಗೆ ಜಾತ್ರೆಯಲ್ಲಿ ಬಾಳೆಗೊನೆಯನ್ನು ಒಪ್ಪಿಸುವುದು ರೂಢಿಯೆಂದು ಕೇಳಿ ಅದನ್ನು ಕೊಂಡಿದ್ದಳು. ನದೀಮುಖವನ್ನು ದಾಟುವಲ್ಲಿ ದೋಣಿ ನಾಲ್ಕಾರು ಸಲ ಎದ್ದು ಬಿದ್ದಿತು. ಆಗ ಮಗಳ ಮಣಿಕಟ್ಟನ್ನು ಹಿಡಿದ ಕೈ ದ್ವೀಪವನ್ನು ಮುಟ್ಟುವವರೆಗೂ ಬಿಡಲಿಲ್ಲ. ದಾರಿಯಲ್ಲಿ ಬೂದುಬಣ್ಣದ ಡಾಲ್ಫಿನ್‌ಗಳು ಮೂರು ಬೆನ್ನು ತೋರಿಸಿ ಮುಳುಗಿದವು. ಬೆನ್ನಿನ ಮೇಲೆ ಗೂನು ಇರುವ ಜಾತಿ ಅದು. ದಂಡೆಯ ಸಮೀಪದಲ್ಲಿಯೂ ನದೀಮುಖಗಳಲ್ಲಿಯೂ ಇರತಕ್ಕದ್ದು. ಅವು ಮೀನಲ್ಲ, ಮರಿಗೆ ಹಾಲೂಡಿಸುವ ಪ್ರಾಣಿಗಳು ಎಂದು ಮಗಳು ಹೇಳಿದಾಗ ಈಕೆ ಇನ್ನೊಮ್ಮೆ ತಲೆಯೆತ್ತಿ ಹುಡುಕಿದಳು. ದೇವರ ದರ್ಶನ ಸಾವಕಾಶವಾಗಿ ಆಯಿತು. ಜಾತ್ರೆಯಿಲ್ಲದ ದಿನವಾದುದರಿಂದ ನಾವೇ ಜನ. ಸ್ವಾಮಿಯ ಎದುರಿಗೆ ಈಕೆ ಏನನ್ನು ಕೇಳಿಕೊಂಡಳೋ ನಮಗೆ ಹೇಳಲಿಲ್ಲ. ಹನ್ನೊಂದಕ್ಕೆ ಮುಂಚೆ ದಂಡೆಗೆ ಬಂದೆವು.

ಆ ರಾತ್ರಿ ಬೆಳಗಿನ ಝಾವದಲ್ಲಿ ಯಜಮಾನರು ಡೇರೆಯ ಹೊರಗೆ ನಿಂತು ಮೆಲ್ಲಗೆ ಕರೆದರು. ತೋಪಿನಿಂದ ಕೊಂಚ ದೂರದಲ್ಲಿ ಮರಳಿನ ಮೇಲೆ ಬಲೆಯ ಬೇಲಿ ಕಟ್ಟಿದ್ದ ಒಂದು ಸ್ಥಳವನ್ನು ಹಿಂದಿನ ದಿನವೇ ಕಂಡಿದ್ದೆವು. ಅದು ಅರಣ್ಯ ಇಲಾಖೆಯವರು ಕಾಯುತ್ತಿದ್ದ ಕಡಲಾಮೆಯ ಗೂಡು. ಆಲಿವ್ ರಿಡ್ಲೆ ಎಂಬ ಈ ಜಾತಿಯ ಆಮೆಗಳು ಚಳಿಗಾಲದ ರಾತ್ರಿಗಳಲ್ಲಿ ನಮ್ಮ ಉತ್ತರ ಕನ್ನಡದ ದಂಡೆಗಳಿಗೆ ಬಂದು, ಹಿಂಗಾಲುಗಳಿಂದ ಮರಳನ್ನು ತೋಡಿ, ನೂರರಷ್ಟು ಮೊಟ್ಟೆಯಿಟ್ಟು ಮುಚ್ಚಿ ಹೋಗುವುವು. ಐವತ್ತು ದಿನಗಳ ಸುಮಾರಿಗೆ ಮರಿಗಳು ಒಡೆದು ಬರುವುವು. ಮರಿ ಹೆಣ್ಣೋ ಗಂಡೋ ಎಂಬುದನ್ನು ಮರಳಿನ ಕಾವೇ ನಿಶ್ಚಯಿಸುವುದು. ಕಾವು ಹೆಚ್ಚಾದರೆ ಹೆಣ್ಣು, ಕಡಿಮೆಯಾದರೆ ಗಂಡು. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಹುಲಿಗೆ ಕೊಟ್ಟಿರುವ ರಕ್ಷಣೆಯನ್ನೇ ಇವುಗಳಿಗೂ ಕೊಟ್ಟಿದೆ.

ಬೇಲಿಯ ಬಲೆಯನ್ನು ಕಾವಲುಗಾರನು ತೆಗೆದಿದ್ದನು. ಯಾರ ಕೈಯಲ್ಲಿಯೂ ದೀಪವಿಲ್ಲ. ಮರಿಗಳು ಬೆಳಕಿರುವ ದಿಕ್ಕೇ ಕಡಲೆಂದು ನಂಬಿ ನಡೆಯುವುದರಿಂದ ಊರಿನ ದೀಪವೂ ಅವುಗಳಿಗೆ ಮೃತ್ಯುವಾಗಬಹುದು. ಬಹುಳದ ಕ್ಷೀಣಚಂದ್ರನ ಬೆಳಕಿನಲ್ಲಿ ಮರಳು ಒಂದೆಡೆ ಕುದಿಯುವಂತೆ ಅಲುಗಾಡಿತು. ಮೊದಲು ಒಂದು ಮೂತಿ, ಆಮೇಲೆ ನಾಲ್ಕು, ಆಮೇಲೆ ಲೆಕ್ಕಕ್ಕೆ ಸಿಕ್ಕದಷ್ಟು. ಒಂದೊಂದೂ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಎರಡು ತೊಲದ ತೂಕವೂ ಇರಲಾರದು. ಎತ್ತಿ ನೀರಿಗೆ ಬಿಡಬಾರದು, ತಾವೇ ನಡೆಯಬೇಕು, ನಾವು ಕಾಗೆ ನಾಯಿಗಳನ್ನು ಮಾತ್ರ ದೂರವಿಡಬೇಕೆಂದು ಕಾವಲುಗಾರನು ಹೇಳಿದನು. ಮಗಳು 83 ಮರಿಗಳನ್ನು ಎಣಿಸಿ ಬರೆದುಕೊಂಡಳು. ಸ್ಥಿತಪ್ರಜ್ಞನಿಗೆ ಹೋಲಿಕೆಯಾಗಿ ಗೀತೆಯಲ್ಲಿ ಬಂದಿರುವ, ಅಂಗಗಳನ್ನು ಒಳಕ್ಕೆ ಎಳೆದುಕೊಳ್ಳುವ ಆಮೆಯು ನೆಲದ್ದೇ ಇರಬೇಕು. ಕಡಲಾಮೆಗೆ ತಲೆಯನ್ನಾಗಲಿ ಕಾಲನ್ನಾಗಲಿ ಚಿಪ್ಪಿನೊಳಕ್ಕೆ ಎಳೆದುಕೊಳ್ಳುವ ಶಕ್ತಿಯಿಲ್ಲ. ಅಲೆಯು ತಂದು ಹಿಂದಕ್ಕೆ ಎಸೆದರೂ ಅವು ಅದೇ ನಾಲ್ಕು ಕಾಲುಗಳನ್ನು ಚಾಚಿಕೊಂಡೇ ಮತ್ತೆ ಹೋಗುತ್ತಿದ್ದವು.

"ತಾಯಿ ಎಲ್ಲಿ?" ಎಂದು ನಮ್ಮ ಮನೆಯಾಕೆ ಕೇಳಿದಳು.

"ಬರುವುದಿಲ್ಲಮ್ಮಾ. ಮೊಟ್ಟೆಯಿಟ್ಟ ರಾತ್ರಿಯೇ ಹೋಗಿಬಿಡುತ್ತದೆ."

"ಎಷ್ಟು ಬದುಕುತ್ತವೆ?"

"ಸಾವಿರಕ್ಕೆ ಒಂದು ದೊಡ್ಡದಾದರೆ ಹೆಚ್ಚು ಎನ್ನುತ್ತಾರೆ."

ಈಕೆ ಏನೂ ಹೇಳಲಿಲ್ಲ. ಒಂದು ಮರಿಯು ಮನುಷ್ಯನ ಹೆಜ್ಜೆಯ ಗುಳಿಯಲ್ಲಿ ಬಿದ್ದು ಹತ್ತಲಾರದೆ ಸುತ್ತುತ್ತಿತ್ತು. ಈಕೆ ಬಗ್ಗಿ, ಮರಿಯನ್ನು ಮುಟ್ಟದೆ, ಗುಳಿಯ ಅಂಚನ್ನು ಬೆರಳಿನಿಂದ ಸವರಿ ಸಮ ಮಾಡಿದಳು. ಅದು ಹತ್ತಿಹೋಯಿತು. ಅದನ್ನೇ ನೋಡುತ್ತಾ ಕಡಲಿನವರೆಗೂ ಜೊತೆಗೆ ನಡೆದಳು. ಅಲೆ ಬಂದು ಪಾದವನ್ನೂ ಸೀರೆಯ ಅಂಚನ್ನೂ ತೋಯಿಸಿದುದು ಅವಳ ಲಕ್ಷ್ಯಕ್ಕೆ ಬಂದಂತೆ ಕಾಣಲಿಲ್ಲ.

ನಮ್ಮ ಪ್ರಾಚೀನರಲ್ಲಿ ಒಂದು ಮಾತುಂಟು. ಮೀನು ತನ್ನ ಮರಿಗಳನ್ನು ನೋಟದಿಂದ ಸಾಕುವುದು, ಹಕ್ಕಿಯು ಸ್ಪರ್ಶದಿಂದ ಸಾಕುವುದು, ಆಮೆಯು ದೂರದಲ್ಲಿದ್ದುಕೊಂಡು ಧ್ಯಾನದಿಂದಲೇ ಸಾಕುವುದು. ಗುರುವು ಶಿಷ್ಯನಿಗೆ ಕೊಡುವ ದೀಕ್ಷೆಯೂ ಹೀಗೆ ಮೂರು ಬಗೆ. ಮರಳಿನ ಮೇಲೆ ಕುಳಿತು ಇದನ್ನು ಈಕೆಗೆ ಹೇಳಿದೆವು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಮೆಗೇನು, ಧ್ಯಾನ ಮಾಡಿದರೆ ಆಯಿತು. ಚಟ್ನಿಪುಡಿ ಯಾರು ಕಳಿಸುತ್ತಾರೆ?" ಎಂದಳು.

ಮಗಳು ತಲೆಯೆತ್ತಿ ತಾಯಿಯ ಮುಖವನ್ನು ನೋಡಿದಳು. ನಾವು ಕಡಲಿನ ಕಡೆಗೆ ನೋಡಿದೆವು.

ಅಂದು ದ್ವಾದಶಿ. ಪಾರಣೆಯ ಹೊತ್ತನ್ನು ಎಂದೂ ಮೀರಗೊಡದವಳು ಅಂದು ಕೊನೆಯ ಮರಿ ನೀರಿಗೆ ಇಳಿದು ಬೆಳಕು ಹರಿದ ಮೇಲೂ ಎದ್ದಿರಲಿಲ್ಲ. ನಾವೇ ನೆನಪು ಮಾಡಬೇಕಾಯಿತು. ಬಾವಿಯ ಕಟ್ಟೆಯ ಹತ್ತಿರ ಅವಲಕ್ಕಿ ಬಡಿಸುತ್ತಾ ತನ್ನ ಷರತ್ತುಗಳನ್ನು ಹೇಳಿದಳು. ದಿನವೂ ಸಂಜೆ ಏಳಕ್ಕೆ ಫೋನು ಮಾಡತಕ್ಕದ್ದು. ತೇಲುವ ಅಂಗಿಯಿಲ್ಲದೆ ಯಾವ ಗುರುಗಳು ಹೇಳಿದರೂ ದೋಣಿಗೆ ಕಾಲಿಡತಕ್ಕದ್ದಲ್ಲ. ಮಳೆಗಾಲದಲ್ಲಿ ಕಡಲಿಗೆ ಇಳಿಯತಕ್ಕದ್ದಲ್ಲ. ಮೂರನೆಯದಕ್ಕೆ ಯಜಮಾನರು, "ಮಳೆಗಾಲದಲ್ಲಿ ನಾವೂ ಇಳಿಯುವುದಿಲ್ಲ, ಅಮ್ಮಾ" ಎಂದು ಬೆಂಬಲ ಕೊಟ್ಟರು.

ಬ್ಯಾಡರಹಳ್ಳಿಗೆ ಬಂದ ಮೇಲೆ ಹಿರಿಯ ಮಗನ ಸಂಬಳದ ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರವನ್ನು ತಾಯಿಯೇ ಕೊಟ್ಟಳು. ಕೊಚ್ಚಿಯ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನ ಸಂಸ್ಥೆಯು 1947ರಿಂದ ನಡೆದುಬಂದಿದೆಯೆಂದೂ, ಅದರ ಶಾಖೆ ಕಾರವಾರದಲ್ಲಿಯೇ ಇದ್ದು ಕಡಲಿನಲ್ಲಿ ಪಂಜರಗಳನ್ನಿಟ್ಟು ಮೀನು ಸಾಕುವ ಪ್ರಯೋಗಗಳನ್ನು ಮಾಡಿರುವರೆಂದೂ, ಗೋವೆಯ ದೋನಾಪಾವುಲದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಿದೆಯೆಂದೂ ಮಗಳಿಂದ ಕೇಳಿದುದನ್ನೆಲ್ಲಾ ತಪ್ಪಿಲ್ಲದೆ ಒಪ್ಪಿಸಿದಳು. ಕೆಲಸ ಸಿಕ್ಕುವುದು ನಿಶ್ಚಯವೇ ಎಂದು ಅವನು ಕೇಳಿದನು. "ನಿನಗೆ ಸಿಕ್ಕುವುದೂ ನಿಶ್ಚಯವಾಗಿರಲಿಲ್ಲ. ಆಗ ನಾವೇನೂ ಕೇಳಲಿಲ್ಲ" ಎಂದು ಹೇಳಿ ಈಕೆ ಒಳಕ್ಕೆ ಹೋದಳು. ಅವನಿಗೆ ಪೂರ್ಣ ಸಮಾಧಾನವಾಗಿದೆಯೆಂದು ನಾವು ಹೇಳಲಾರೆವು. ಆದರೂ ತಂಗಿಗೆ ಒಳ್ಳೆಯದೊಂದು ತೇಲುವ ಅಂಗಿಯನ್ನು ತರಿಸಿಕೊಟ್ಟವನು ಅವನೇ.

ಮಗಳಿಗೆ ಸ್ಥಳ ಸಿಕ್ಕಿದೆ. ವಿದ್ಯಾರ್ಥಿನಿಲಯದಿಂದ ನಿಯಮಾವಳಿಯ ಕಾಗದ ಬಂದಿದ್ದು, ಕೊಠಡಿಯಲ್ಲಿ ಒಲೆಯನ್ನು ಇಡತಕ್ಕದ್ದಲ್ಲವೆಂದು ಅದರಲ್ಲಿ ಕಂಡಿದೆ. ಕರಾವಳಿಯ ಮಳೆಯ ತಂಪಿನಲ್ಲಿ ಮೆಂತ್ಯದ ಹಿಟ್ಟು ಎಷ್ಟು ದಿನ ಕೆಡದೆ ಇರುವುದು, ಪುಳಿಯೋಗರೆಯ ಗೊಜ್ಜು ಎಷ್ಟು ದಿನ, ಡಬ್ಬಿ ಗಾಜಿನದೋ ಉಕ್ಕಿನದೋ ಎಂಬ ವಿಚಾರಣೆ ನಮ್ಮ ಮನೆಯಲ್ಲಿ ಎರಡು ವಾರಗಳಿಂದ ನಡೆದಿದೆ. ಈ ಪತ್ರಿಕೆಯ ಗೃಹಿಣಿಯರಲ್ಲಿ ಕರಾವಳಿಯವರು ಯಾರಾದರೂ ಈ ವಿಷಯದಲ್ಲಿ ತಮ್ಮ ಅನುಭವವನ್ನು ಬರೆದು ತಿಳಿಸಿದರೆ ನಮ್ಮ ಮನೆಯಾಕೆಗೆ ಉಪಕಾರವಾಗುವುದು.